ಹಿತ್ತಲಲ್ಲಿ ಹತ್ತಡಿ ಪ್ಲಂಜ್ ಪೂಲ್: ಯಾವುದು ತಗೋಬೇಕು, ಯಾಕೆ

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ಸಣ್ಣ ಸೈಟಿನಲ್ಲಿ ಮನೆ ಇದ್ದು ಹಿಂದೆ ಒಂದಿಷ್ಟು ಜಾಗ ಉಳಿದಿದ್ದರೆ, ಹತ್ತಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳದ ಪ್ಲಂಜ್ ಪೂಲ್, ಅಂದರೆ ಈಜೋಕಲ್ಲ, ನೀರಿನಲ್ಲಿ ಕೂತು ಮುಳುಗಿ ಏಳೋಕೆ ಇರುವ ಸಣ್ಣ ಕೊಳ, ಸಾಕು. ಅದಕ್ಕಿಂತ ದೊಡ್ಡದು ಬೇಡವೇ ಬೇಡ. ನಾವು ಮೈಸೂರಿನಲ್ಲಿ ನಮ್ಮ 30×50 ಸೈಟಿನ ಹಿತ್ತಲಲ್ಲಿ ಇದೇ ಅಳತೆಯ ಎಫ್‌ಆರ್‌ಪಿ ಪೂಲ್ ಹಾಕಿಸಿದ್ದೇವೆ. ಎಫ್‌ಆರ್‌ಪಿ ಅಂದರೆ ಫೈಬರ್ ಗ್ಲಾಸ್, ನೀರಿನ ಟ್ಯಾಂಕಿನ ತರಹ ಕಾರ್ಖಾನೆಯಲ್ಲೇ ಅಚ್ಚಿನಲ್ಲಿ ತಯಾರಾಗಿ ಬರುವ ಇಡೀ ತೊಟ್ಟಿ. ಪಂಪು, ಫಿಲ್ಟರು, ಗುಂಡಿ ತೋಡುವ ಕೆಲಸ, ಸುತ್ತ ಕಲ್ಲು ಹಾಸು ಎಲ್ಲ ಸೇರಿ ಮೂರೂವರೆ ಲಕ್ಷದ ಆಸುಪಾಸು ಆಯಿತು. ಬೇಸಿಗೆಯಲ್ಲಿ ದಿನಾ ಬಳಸುತ್ತೇವೆ, ಮಳೆಗಾಲದಲ್ಲಿ ಆಗಾಗ, ಚಳಿಗಾಲದಲ್ಲಿ ಮುಚ್ಚಿಡುತ್ತೇವೆ. ಖುಷಿಯಾಗಿದ್ದೇವೆ. ಆದರೆ ಎಲ್ಲರಿಗೂ ಇದೇ ಸರಿ ಅಂತ ಹೇಳಲಾರೆ, ಯಾಕೆಂದರೆ ಯಾವ ಪೂಲ್ ಅನ್ನೋದನ್ನ ನಿಮ್ಮ ಇಷ್ಟಕ್ಕಿಂತ ಜಾಸ್ತಿ ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತೆ, ಮಣ್ಣು ಎಂಥದ್ದು, ಗೇಟಿನಿಂದ ಹಿತ್ತಲಿಗೆ ಹೋಗೋ ದಾರಿ ಎಷ್ಟು ಅಗಲ, ಇವೇ ನಿರ್ಧಾರ ಮಾಡುತ್ತವೆ.

ಯಾಕೆ ಸಣ್ಣದು ಅಂದರೆ, ಇದರಲ್ಲಿ ಯಾರೂ ಈಜಲ್ಲ. ಈಜಬೇಕು ಅಂದರೆ ಊರಿನ ಈಜುಕೊಳಕ್ಕೆ ಹೋಗಬೇಕು, ಹದಿನೈದು ಅಡಿ ಹಾಕಿಸಿದರೂ ನಾಲ್ಕು ಕೈ ಬೀಸುವಷ್ಟರಲ್ಲಿ ಗೋಡೆ ಬಂದಿರುತ್ತೆ. ಪ್ಲಂಜ್ ಪೂಲ್ ಇರೋದು ನೀರಿನಲ್ಲಿ ಕೂತುಕೊಳ್ಳೋಕೆ, ಮುಳುಗಿ ಏಳೋಕೆ, ಮಕ್ಕಳು ಆಡೋಕೆ. ನಮ್ಮದರಲ್ಲಿ ಒಂದು ತುದಿಗೆ ಒಂದೂವರೆ ಅಡಿ ಎತ್ತರದ ಬೆಂಚ್ ಅಚ್ಚಿನಲ್ಲೇ ಬಂದಿದೆ. ನೀರು ಮೂರೂವರೆ ಅಡಿ ನಿಲ್ಲಿಸುತ್ತೇವೆ. ಬೆಂಚಿನ ಮೇಲೆ ಕೂತರೆ ಭುಜದ ಹತ್ತಿರಕ್ಕೆ ನೀರು, ಎದ್ದು ನಿಂತರೆ ಸೊಂಟದ ಮೇಲಕ್ಕೆ. ನಾಲ್ಕು ಜನ ದೊಡ್ಡವರು ಕಾಲಿಗೆ ಕಾಲು ತಾಗದ ಹಾಗೆ ಕೂರಬಹುದು. ಬೆಂಚ್ ಇಲ್ಲದ ಮಾಡೆಲ್ ಸ್ವಲ್ಪ ಅಗ್ಗಕ್ಕೆ ಸಿಗುತ್ತೆ. ತಗೋಬೇಡಿ, ನಿಂತೇ ಇರಬೇಕಾಗುತ್ತೆ. ನಮ್ಮತ್ತೆಗೆ ಮಂಡಿ ನೋವು, ಅವರಿಗೆ ಈ ಬೆಂಚೇ ಮೆಟ್ಟಿಲು. ಪಕ್ಕದಲ್ಲಿ ಒಂದು ಸ್ಟೀಲ್ ಕಂಬಿ ಹಾಕಿಸಿದ ಮೇಲೆ ಅವರು ಯಾರ ಕೈಯನ್ನೂ ಹಿಡಿಯದೆ ಇಳಿದು ಹತ್ತುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಆ ಕಂಬಿಯನ್ನು ಮೊದಲ ಕೋಟೇಶನ್‌ನಲ್ಲೇ ಸೇರಿಸಿ ಕೇಳಿ.

ನೀರಿನ ಲೆಕ್ಕ ನೋಡಿ. ಹತ್ತು, ಆರು, ಮೂರೂವರೆ ಗುಣಿಸಿದರೆ 210 ಘನ ಅಡಿ. ಒಂದು ಘನ ಅಡಿಗೆ 28 ಲೀಟರ್ ಚಿಲ್ಲರೆ. ಬೆಂಚು ತಿನ್ನುವ ಜಾಗ ಕಳೆದರೆ ಸುಮಾರು 5500 ಲೀಟರ್. ಅಂದರೆ 6000 ಲೀಟರಿನ ಒಂದು ಟ್ಯಾಂಕರ್‌ನಲ್ಲಿ ತುಂಬಿಹೋಗುತ್ತೆ. ಅಂಗಡಿಯವರು ನಮಗೆ ಮೊದಲು ತೋರಿಸಿದ್ದು 15×8ರ ಮಾಡೆಲ್, ಐದಡಿ ಆಳ. ಅದಕ್ಕೆ ಹೆಚ್ಚುಕಡಿಮೆ 15,000 ಲೀಟರ್ ಬೇಕು. ಜಾಗದ ಉದ್ದ ಅಗಲದಲ್ಲಿ ನಾಲ್ಕೈದು ಅಡಿ ಜಾಸ್ತಿ ಅಷ್ಟೇ ಅನ್ನಿಸುತ್ತೆ, ಆದರೆ ನೀರು, ಕ್ಲೋರಿನ್, ಪಂಪಿನ ಸೈಜು, ಕರೆಂಟು, ಎಲ್ಲವೂ ಮೂರು ಪಟ್ಟಿಗೆ ಹತ್ತಿರ ಹೋಗುತ್ತೆ. ನಾನು ಸಣ್ಣದು ಸಣ್ಣದು ಅಂತ ಹಟ ಹಿಡಿಯೋದು ಇದಕ್ಕೇ.

ಬೆಂಗಳೂರಿನವರು ಈ ಭಾಗ ಗಮನವಿಟ್ಟು ಓದಿ. 2024ರ ಮಾರ್ಚ್‌ನಲ್ಲಿ ನೀರಿಗೆ ಹಾಹಾಕಾರ ಆಗಿತ್ತಲ್ಲ, ಆಗ ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಬಾರದು ಅಂತ ಆದೇಶ ಮಾಡಿತ್ತು, ಮೀರಿದರೆ 5000 ರೂಪಾಯಿ ದಂಡ. ಟ್ಯಾಂಕರ್ ದರಕ್ಕೂ ಜಿಲ್ಲಾಡಳಿತ ಮಿತಿ ಹಾಕಬೇಕಾಯಿತು. ಕಾವೇರಿ ಐದನೇ ಹಂತದ ನೀರು ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂತು, ನಿಜ. ಆದರೂ ನೂರು ಕಿಲೋಮೀಟರ್ ದೂರದಿಂದ, ಎತ್ತರಕ್ಕೆ ಪಂಪ್ ಮಾಡಿ ತಂದ ನೀರನ್ನು ಪ್ರತಿ ತಿಂಗಳು ಚರಂಡಿಗೆ ಬಿಡೋ ಪೂಲ್ ಕಟ್ಟಿಸೋದು ನನ್ನ ಮಟ್ಟಿಗೆ ತಪ್ಪು. ಹಾಗಾಗಿ ಪೂಲ್ ಆರಿಸುವಾಗ ನಾನು ಕೇಳಿದ ಮೊದಲ ಪ್ರಶ್ನೆ ಬೆಲೆಯಲ್ಲ. ಒಂದು ಸಲ ತುಂಬಿದ ನೀರನ್ನು ವರ್ಷಗಟ್ಟಲೆ ಹೇಗೆ ಉಳಿಸಿಕೊಳ್ಳೋದು? ಇದಕ್ಕೆ ನೇರವಾಗಿ ಉತ್ತರ ಕೊಟ್ಟವರ ಹತ್ತಿರ ಮಾತ್ರ ಮುಂದಿನ ಮಾತಾಡಿದೆವು.

ಉತ್ತರ ಫಿಲ್ಟರಿನಲ್ಲಿದೆ. ಸಾಮಾನ್ಯವಾಗಿ ಎಲ್ಲರೂ ಕೊಡೋದು ಸ್ಯಾಂಡ್ ಫಿಲ್ಟರ್. ದೊಡ್ಡ ಪೂಲ್‌ಗೆ ಅದೇ ಸರಿ. ಆದರೆ ಅದನ್ನು ಸ್ವಚ್ಛ ಮಾಡೋಕೆ ಬ್ಯಾಕ್‌ವಾಶ್ ಮಾಡಬೇಕು, ಅಂದರೆ ಪೂಲಿನ ನೀರನ್ನೇ ಉಲ್ಟಾ ಹರಿಸಿ ಕೊಳೆ ಹೊರಗೆ ತಳ್ಳಬೇಕು. ಎರಡು ಮೂರು ನಿಮಿಷಕ್ಕೆ ಇನ್ನೂರು ಮುನ್ನೂರು ಲೀಟರ್ ಹೋಗಿಬಿಡುತ್ತೆ. 5500 ಲೀಟರಿನ ಪೂಲ್‌ನಲ್ಲಿ ಅದು ದೊಡ್ಡ ಪಾಲು. ನಾವು ಕಾರ್ಟ್ರಿಡ್ಜ್ ಫಿಲ್ಟರ್ ಕೇಳಿ ಹಾಕಿಸಿಕೊಂಡೆವು. ಮಡಿಕೆ ಮಡಿಕೆಯಾಗಿರೋ ಬಟ್ಟೆಯಂಥ ಒಂದು ಸಿಲಿಂಡರ್. ಬಿಚ್ಚಿ, ಗಿಡಗಳ ಹತ್ತಿರ ಇಟ್ಟು, ಪೈಪಿನಲ್ಲಿ ನೀರು ಬಿಟ್ಟು ಮಡಿಕೆಗಳ ನಡುವಿನ ಕೊಳೆ ತೊಳೆದರೆ ಆಯಿತು, ಎರಡು ಬಕೆಟ್ ನೀರಿನ ಕೆಲಸ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ತೊಳೆಯಬೇಕು, ವರ್ಷಕ್ಕೊಮ್ಮೆ ಹೊಸದು ಹಾಕಬೇಕು. ಕೈಗೆ ಸ್ವಲ್ಪ ಕೆಲಸ ಜಾಸ್ತಿ, ನೀರು ಮಾತ್ರ ಉಳಿಯುತ್ತೆ. ಬೇರೇನೂ ನೆನಪಿಲ್ಲದಿದ್ದರೂ ಇದೊಂದು ನೆನಪಿಟ್ಟುಕೊಳ್ಳಿ: ಸಣ್ಣ ಪೂಲ್‌ಗೆ ಕಾರ್ಟ್ರಿಡ್ಜ್.

ಇನ್ನು ಆವಿಯಾಗಿ ಹೋಗೋದು. ಬಿಸಿಲಿಗೆ ದಿನಕ್ಕೆ ಐದು ಮಿಲಿಮೀಟರ್ ಇಳಿಯಿತು ಅಂದುಕೊಂಡರೂ ನಮ್ಮ ಅಳತೆಗೆ ಎರಡು ಬಕೆಟ್ ಆಗುತ್ತೆ. ಮುಚ್ಚಿಟ್ಟರೆ ಅದರಲ್ಲಿ ಬಹುಪಾಲು ಉಳಿಯುತ್ತೆ. ನೀರು ಅದಕ್ಕಿಂತ ಜಾಸ್ತಿ ಇಳೀತಿದೆ ಅನ್ನೋ ಅನುಮಾನ ಬಂದರೆ ಪೂಲಿನ ಬೆಂಚಿನ ಮೇಲೆ ಒಂದು ಸ್ಟೂಲ್ ಇಟ್ಟು, ಅದರ ಮೇಲೆ ನೀರು ತುಂಬಿದ ಬಕೆಟ್ಟನ್ನು ಬಾಯಿ ಪೂಲಿನ ನೀರಿಗಿಂತ ಮೇಲಿರುವ ಹಾಗೆ ಇಡಿ, ಬಕೆಟ್ಟಿನ ಒಳಗೂ ಹೊರಗೂ ನೀರಿನ ಮಟ್ಟಕ್ಕೆ ಗುರುತು ಹಾಕಿ, ಒಂದು ದಿನ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಬಿಸಿಲಿನ ಕೆಲಸ. ಹೊರಗಿನದು ಜಾಸ್ತಿ ಇಳಿದಿದ್ದರೆ ಸೋರಿಕೆ. ನಮ್ಮಲ್ಲಿ ಶುರುವಿನಲ್ಲಿ ಹೀಗೇ ಗೊತ್ತಾಗಿದ್ದು. ನೀರು ಒಳಗೆ ಬರುವ ಪೈಪಿನ ಹತ್ತಿರ ಗ್ಯಾಸ್ಕೆಟ್ ಸರಿಯಾಗಿ ಕೂತಿರಲಿಲ್ಲ. ಹಾಕಿಸಿದ ಕಂಪನಿಗೆ ಫೋನ್ ಮಾಡಿ ಮಾಡಿ ಸಾಕಾಯಿತು, ಬಂದವರು ಹತ್ತೇ ನಿಮಿಷದಲ್ಲಿ ಸರಿ ಮಾಡಿ ಹೋದರು. ತೊಟ್ಟಿ ಚೆನ್ನಾಗಿದೆ, ಸರ್ವಿಸ್ ನಿಧಾನ. ಅದಕ್ಕೇ ನನ್ನ ಮಾರ್ಕ್ಸ್ ತೊಟ್ಟಿಗೆ ಐದರಲ್ಲಿ ನಾಲ್ಕೂವರೆ, ಸರ್ವಿಸ್‌ಗೆ ಎರಡು. ನಿಮ್ಮೂರಿನಲ್ಲೇ ಕೆಲಸಗಾರರು ಇರುವ ಕಂಪನಿ ಸಿಕ್ಕರೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ಟರೂ ನಷ್ಟವಿಲ್ಲ.

ಈಗ ಬೇರೆ ಆಯ್ಕೆಗಳ ಬಗ್ಗೆ. ನಾವು ಹಾಕಿಸಿದ್ದನ್ನು ಬಿಟ್ಟು ಇನ್ನೂ ಎರಡನ್ನು ನೋಡಿದ್ದೆವು.

ಎಲ್ಲಕ್ಕಿಂತ ಅಗ್ಗದ್ದು ಸ್ಟೀಲ್ ಫ್ರೇಮಿನ ಪೂಲ್. ಇಂಟೆಕ್ಸ್, ಬೆಸ್ಟ್‌ವೇ ಕಂಪನಿಗಳದ್ದು ಆನ್‌ಲೈನ್‌ನಲ್ಲಿ ಸಿಗುತ್ತವೆ. ಇಂಟೆಕ್ಸ್‌ನ 3 ಮೀಟರ್ ಉದ್ದ, 2 ಮೀಟರ್ ಅಗಲ, 75 ಸೆಂಟಿಮೀಟರ್ ಎತ್ತರದ ಆಯತದ ಮಾಡೆಲ್ ಸುಮಾರು 3800 ಲೀಟರ್ ಹಿಡಿಯುತ್ತೆ. ಬೆಸ್ಟ್‌ವೇದು ಅದೇ ಅಳತೆಯ, 66 ಸೆಂಟಿಮೀಟರ್ ಎತ್ತರದ್ದು 3300 ಲೀಟರ್. ನನ್ನ ತಮ್ಮ ಬೆಂಗಳೂರಿನಲ್ಲಿ ಕಾರ್ ನಿಲ್ಲಿಸೋ ಜಾಗದಲ್ಲಿ ಇಂಥದ್ದೊಂದನ್ನು ಬೇಸಿಗೆಯಲ್ಲಿ ಹಾಕುತ್ತಾನೆ, ಜೂನ್ ಬಂದ ಕೂಡಲೇ ಬಿಚ್ಚಿ ಒಣಗಿಸಿ ಅಟ್ಟಕ್ಕೆ ಹಾಕುತ್ತಾನೆ. ಬಾಡಿಗೆ ಮನೆಯವರಿಗೆ, ಮಕ್ಕಳು ಸಣ್ಣವರಿರುವ ನಾಲ್ಕೈದು ವರ್ಷಕ್ಕೆ ಮಾತ್ರ ಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ದೊಡ್ಡವರು ಕೂತರೂ ನೀರು ಎದೆಯ ತನಕ ಬರುತ್ತೆ. ಕೆಳಗೆ ಒಂದು ಸಣ್ಣ ಜಲ್ಲಿ ಕಲ್ಲೂ ಇರಬಾರದು, ದಪ್ಪ ಟಾರ್ಪಾಲಿನ್ ಅಥವಾ ಹಳೇ ಯೋಗ ಮ್ಯಾಟುಗಳನ್ನು ಹಾಸಬೇಕು, ನೆಲ ಸಮವಾಗಿರಬೇಕು. ನೆಲ ಒಂದು ಕಡೆ ವಾಲಿದ್ದರೆ ನೀರಿನ ಭಾರವೆಲ್ಲ ಆ ಕಡೆಯ ಕಂಬಿಗಳ ಮೇಲೆ ಬೀಳುತ್ತೆ.

ಇದನ್ನು ತಾರಸಿ ಮೇಲೆ ಮಾತ್ರ ಇಡಬೇಡಿ. ಇದನ್ನು ನಾನು ಎಷ್ಟು ಜನಕ್ಕೆ ಹೇಳಿದರೂ ಸಾಲದು. ಬೆಂಗಳೂರಿನ ಸಣ್ಣ ಸೈಟುಗಳಲ್ಲಿ ಹಿತ್ತಲೇ ಇರಲ್ಲ, ಹಾಗಾಗಿ ಎಲ್ಲರ ಕಣ್ಣು ತಾರಸಿ ಮೇಲೆ. ಒಂದು ಘನ ಮೀಟರ್ ನೀರು ಒಂದು ಸಾವಿರ ಕೆಜಿ. 75 ಸೆಂಟಿಮೀಟರ್ ನೀರು ನಿಂತರೆ ಒಂದು ಚದರ ಮೀಟರ್ ಮೇಲೆ 750 ಕೆಜಿ. ನಮ್ಮ ದೇಶದ ಮಾನದಂಡ ಐಎಸ್ 875ರಲ್ಲಿ ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯೋದು ಚದರ ಮೀಟರಿಗೆ ಹೆಚ್ಚುಕಡಿಮೆ 150 ಕೆಜಿ, ಮನೆಯೊಳಗಿನ ಕೋಣೆಗೆ 200 ಕೆಜಿ. ಅಂದರೆ ಐದು ಪಟ್ಟು ಭಾರ, ಅದೂ ದಿನಗಟ್ಟಲೆ ಕದಲದೆ ಕೂತಿರುವ ಭಾರ. "ಹನಿಮೂನ್ ಹೋಟೆಲ್‌ಗಳಲ್ಲಿ ಮೇಲೆ ಪೂಲ್ ಇರಲ್ವಾ" ಅಂತ ತಮ್ಮ ಕೇಳಿದ. ಇರುತ್ತೆ, ಆದರೆ ಅಲ್ಲಿ ಕಟ್ಟಡ ಕಟ್ಟುವಾಗಲೇ ಆ ಭಾರಕ್ಕೆ ತಕ್ಕ ಬೀಮು, ಪಿಲ್ಲರ್ ಹಾಕಿರುತ್ತಾರೆ. ನಿಮ್ಮ ಸಿಂಟೆಕ್ಸ್ ಟ್ಯಾಂಕ್ ಕೂಡ ಸಾಮಾನ್ಯವಾಗಿ ಪಿಲ್ಲರ್ ತಲೆಯ ಮೇಲೋ ಗೋಡೆ ಮೇಲೋ ಕೂತಿರುತ್ತೆ, ಸ್ಲ್ಯಾಬಿನ ನಡುವೆ ಅಲ್ಲ. ಹಳೇ ಮನೆಯ ತಾರಸಿ ಮೇಲೆ ಪೂಲ್ ಬೇಕೇ ಬೇಕು ಅನ್ನುವವರು ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ, ಡ್ರಾಯಿಂಗ್ ತೋರಿಸಿ, ಬರವಣಿಗೆಯಲ್ಲಿ ಅಭಿಪ್ರಾಯ ತಗೊಳ್ಳಿ. ಪೂಲ್ ಮಾರುವವರ ಮಾತು ಇದಕ್ಕೆ ಸಾಕಾಗಲ್ಲ.

ಎರಡನೆಯದು ಕಾಂಕ್ರೀಟ್. ಕಬ್ಬಿಣ ಕಟ್ಟಿ, ಕಾಂಕ್ರೀಟ್ ಹಾಕಿ, ವಾಟರ್‌ಪ್ರೂಫಿಂಗ್ ಮಾಡಿ, ಟೈಲ್ಸ್ ಹಾಕೋದು. ಇದರ ದೊಡ್ಡ ಲಾಭ ಏನೆಂದರೆ ನಿಮ್ಮ ಜಾಗ ಎಂಥ ಆಕಾರದಲ್ಲಿದ್ದರೂ ಸರಿ, ಮೂಲೆಯಾಗಲಿ ಓಣಿಯಾಗಲಿ, ಆ ಆಕಾರಕ್ಕೇ ಕಟ್ಟಿಸಬಹುದು. ಗೇಟಿನಿಂದ ಹಿತ್ತಲಿಗೆ ಎರಡೂವರೆ ಅಡಿ ದಾರಿ ಇದ್ದರೂ ಸಾಕು, ಸಾಮಾನೆಲ್ಲ ಬಾಂಡ್ಲಿಯಲ್ಲಿ ಹೊತ್ತು ತರುತ್ತಾರೆ. ಕಷ್ಟ ಏನೆಂದರೆ ಕೆಲಸ ತಿಂಗಳುಗಟ್ಟಲೆ. ಕ್ಯೂರಿಂಗ್ ಆಗಬೇಕು, ಟೈಲ್ಸ್ ಹಾಕುವ ಮೊದಲು ನೀರು ನಿಲ್ಲಿಸಿ ಸೋರುತ್ತಾ ಅಂತ ನೋಡಬೇಕು, ಟೈಲ್ಸ್ ಸಂದಿಗೆ ಮಾಮೂಲಿ ಸಿಮೆಂಟ್ ಬದಲು ಎಪಾಕ್ಸಿ ಗ್ರೌಟ್ ಹಾಕಬೇಕು. ಮನೆ ಕಟ್ಟುವ ಮೇಸ್ತ್ರಿಗಳೆಲ್ಲ ಸಂಪ್ ಕಟ್ಟಿರುತ್ತಾರೆ, ಹಾಗಾಗಿ "ಪೂಲ್ ಏನ್ ಮಹಾ ಸಾರ್" ಅನ್ನುತ್ತಾರೆ. ಪೂಲಿನಲ್ಲಿ ಪೈಪುಗಳು ಗೋಡೆ ತೂರಿ ಹೊರಗೆ ಬರುವ ಜಾಗಗಳಿವೆಯಲ್ಲ, ಸೋರೋದು ಅಲ್ಲಿ. ಹಿಂದೆ ಪೂಲ್ ಕಟ್ಟಿರುವ ಮೇಸ್ತ್ರಿಯನ್ನೇ ಹುಡುಕಿ, ಕಟ್ಟಿದ ಪೂಲ್ ಹೋಗಿ ನೋಡಿ. ಹೊಸ ಮನೆ ಕಟ್ಟಿಸುತ್ತಿದ್ದರೆ ನಾನೂ ಕಾಂಕ್ರೀಟ್ ಕಡೆಗೇ ಹೋಗುತ್ತಿದ್ದೆ, ಪಾಯದ ಜೊತೆಗೇ ಮುಗಿದುಹೋಗುತ್ತೆ. ಆಗಲೇ ಇರುವ ಮನೆಗೆ, ಪಾಯದ ಪಕ್ಕದಲ್ಲೇ, ಅಷ್ಟು ಆಳ ತೋಡಿಸುವ ಧೈರ್ಯ ನಮಗೆ ಬರಲಿಲ್ಲ.

ಎಫ್‌ಆರ್‌ಪಿಯಲ್ಲೂ ನಾವು ಪೂರ್ತಿ ಹೂಳಿಸಲಿಲ್ಲ. ಅರ್ಧ ನೆಲದೊಳಗೆ, ಅರ್ಧ ಮೇಲೆ. ಎರಡಡಿ ಮಾತ್ರ ತೋಡಿ, ತೊಟ್ಟಿ ಕೂರಿಸಿ, ಮೇಲಿನ ಎರಡಡಿಗೆ ಸುತ್ತ ಬ್ಲಾಕಿನ ಗೋಡೆ ಕಟ್ಟಿ, ಅದರ ಮೇಲೆ ಅಗಲವಾದ ಕಲ್ಲು ಹಾಸಿದೆವು. ಈಗ ಅದು ಜಗಲಿ ಆಗಿದೆ. ಸಂಜೆ ಕಾಲು ಇಳಿಬಿಟ್ಟು ಕೂರೋಕೆ ಎಲ್ಲರಿಗೂ ಇಷ್ಟದ ಜಾಗ ಅದೇ. ತೋಡಿದ ಮಣ್ಣು ಕಡಿಮೆ, ಮನೆ ಪಾಯಕ್ಕೆ ಅಪಾಯ ಕಡಿಮೆ, ಓಡಾಡುವ ಮಗು ಆಯ ತಪ್ಪಿ ಬೀಳುವ ಭಯವೂ ಸ್ವಲ್ಪ ಕಡಿಮೆ. ಕಲ್ಲಿಗೆ ಸಾದರಹಳ್ಳಿ ಗ್ರಾನೈಟ್ ಫ್ಲೇಮ್ ಫಿನಿಶ್ (ಬೆಂಕಿ ತಾಗಿಸಿ ಮೇಲ್ಮೈ ಒರಟು ಮಾಡಿದ್ದು) ತಗೊಂಡೆವು, ಒದ್ದೆಯಾದರೂ ಜಾರಲ್ಲ. ಪಾಲಿಶ್ ಮಾಡಿದ ಕಲ್ಲು, ಹೊಳೆಯೋ ಟೈಲ್ಸ್ ಪೂಲಿನ ಸುತ್ತ ಹಾಕಲೇಬಾರದು.

ದಾರಿಯ ವಿಷಯಕ್ಕೆ ಬರುತ್ತೇನೆ. ತೊಟ್ಟಿ ಇಡಿಯಾಗಿ ಬರುತ್ತೆ ಅಂದೆನಲ್ಲ, ಮಡಚೋಕೆ ಆಗಲ್ಲ. ಮೇಲಿನ ಅಂಚೂ ಸೇರಿ ನಮ್ಮದು ಹನ್ನೊಂದು ಅಡಿ ಉದ್ದ, ಏಳಡಿ ಅಗಲ. ಮಗ್ಗುಲಾಗಿ ಹಿಡಿದರೂ ನಾಲ್ಕಡಿಗಿಂತ ಜಾಸ್ತಿ ಅಗಲದ ದಾರಿ ಬೇಕು. ನಮ್ಮ ಮನೆ ಪಕ್ಕದ ಓಣಿ ಮೂರೂವರೆ ಅಡಿ. ಪುಣ್ಯಕ್ಕೆ ಹಿಂದಿನ ಸೈಟು ಖಾಲಿ ಇತ್ತು, ಅದರ ಯಜಮಾನರು ಒಪ್ಪಿದರು. ಅವರ ಕಡೆಯಿಂದ ಎಂಟು ಜನ ಹೊತ್ತು ಕಾಂಪೌಂಡ್ ಮೇಲಿಂದ ಇಳಿಸಿದರು. ಆ ಸೈಟು ಖಾಲಿ ಇರದಿದ್ದರೆ ಕ್ರೇನ್ ತರಿಸಿ ಮನೆ ಮೇಲಿಂದ ಇಳಿಸಬೇಕಿತ್ತು, ಬೀದಿಯಲ್ಲಿ ಕರೆಂಟ್ ತಂತಿ ಇದ್ದರೆ ಅದಕ್ಕೆ ವಿದ್ಯುತ್ ಕಚೇರಿಗೆ ಹೇಳಿ ಲೈನ್ ಆಫ್ ಮಾಡಿಸಬೇಕು. ಅಡ್ವಾನ್ಸ್ ಕೊಡುವ ಮೊದಲು ಕಂಪನಿಯವರನ್ನು ಮನೆಗೆ ಕರೆಸಿ, ಲಾರಿ ಎಲ್ಲಿ ನಿಲ್ಲುತ್ತೆ, ತೊಟ್ಟಿ ಯಾವ ದಾರಿಯಲ್ಲಿ ಬರುತ್ತೆ ಅಂತ ಟೇಪ್ ಹಿಡಿದು ಅಳೆಸಿ. ಕ್ರೇನ್ ಖರ್ಚು ಯಾರದ್ದು ಅಂತಲೂ ಬರೆಸಿಕೊಳ್ಳಿ.

ಕೂರಿಸುವ ದಿನ ನೀವೇ ಎದುರಿಗಿರಿ. ಗುಂಡಿಯ ತಳ ಗಟ್ಟಿಯಾಗಿರಬೇಕು, ಅದರ ಮೇಲೆ ತೊಟ್ಟಿ ಕೂರೋಕೆ ಮಟ್ಟವಾದ ಹಾಸು (ಬೆಡ್) ಆಗಿರಬೇಕು. ತೊಟ್ಟಿ ಇಳಿಸಿದ ಮೇಲೆ ಟ್ಯೂಬ್ ಲೆವೆಲ್ ಹಿಡಿದು ನಾಲ್ಕೂ ಮೂಲೆ ನೋಡಿಸಿ. ಅರ್ಧ ಇಂಚು ವಾಲಿದರೂ ನೀರಿನ ಗೆರೆ ಅಂಚಿಗೆ ಓರೆಯಾಗಿ ಕಾಣುತ್ತೆ, ಆಮೇಲೆ ಏನೂ ಮಾಡೋಕಾಗಲ್ಲ. ಸುತ್ತ ಮಣ್ಣೋ ಎಂ-ಸ್ಯಾಂಡೋ ತುಂಬುವಾಗ ಒಳಗೆ ನೀರನ್ನೂ ಜೊತೆಜೊತೆಗೆ ತುಂಬುತ್ತಾ ಬರಬೇಕು. ಹೊರಗೆ ಒಂದಡಿ ತುಂಬಿದರೆ ಒಳಗೂ ಒಂದಡಿ. ಹಾಗೆ ಮಾಡದಿದ್ದರೆ ಹೊರಗಿನ ಒತ್ತಡಕ್ಕೆ ಪಕ್ಕಗಳು ಒಳಕ್ಕೆ ಉಬ್ಬುತ್ತವೆ.

ಕರಾವಳಿಯವರಿಗೆ ಒಂದು ಮಾತು. ನನ್ನ ತಂಗಿ ಉಡುಪಿ ಕಡೆ ಇದ್ದಾಳೆ, ಅವಳಿಗೂ ಇದೇ ಆಸೆ ಬಂತು. ಅಲ್ಲಿ ಜೂನ್, ಜುಲೈಯಲ್ಲಿ ಬಾವಿ ನೀರು ಕೈಗೆ ಸಿಗುವಷ್ಟು ಮೇಲೆ ಬರುತ್ತೆ. ಆಗ ನೆಲದಲ್ಲಿ ಹೂತ ಪೂಲ್ ಖಾಲಿ ಮಾಡಿದರೆ ಕೆಳಗಿನ ನೀರು ಅದನ್ನು ದೋಣಿಯ ಹಾಗೆ ಎತ್ತಿಬಿಡುತ್ತೆ. ಲೆಕ್ಕ ಸರಳ: ತೊಟ್ಟಿಯ ತೂಕ ಇನ್ನೂರು ಚಿಲ್ಲರೆ ಕೆಜಿ, ಅದು ಪೂರ್ತಿ ಮುಳುಗಿದ್ದರೆ ಕೆಳಗಿನಿಂದ ತಳ್ಳುವ ಬಲ ಐದು ಟನ್ನಿಗೂ ಮೇಲೆ. ಪೈಪೆಲ್ಲ ಕಿತ್ತುಕೊಂಡು ಬರುತ್ತೆ. ಅಲ್ಲಿ ಹಾಕಿಸುವವರು ಪೂರ್ತಿ ನೆಲದ ಮೇಲೆಯೇ ಇಡುವ ಹಾಗೆ ಮಾಡಿಸಿ, ಅಥವಾ ಕಾಂಕ್ರೀಟ್ ತಳಕ್ಕೆ ತೊಟ್ಟಿಯನ್ನು ಬಿಗಿಯಾಗಿ ಕೂರಿಸಿ, ಮಳೆಗಾಲದಲ್ಲಿ ಯಾವ ಕಾರಣಕ್ಕೂ ಖಾಲಿ ಮಾಡಬೇಡಿ. ತಂಗಿ ಕೊನೆಗೆ ನೆಲದ ಮೇಲಿನದ್ದೇ ಮಾಡಿಸಿದಳು, ಸುತ್ತ ಕೆಂಪುಕಲ್ಲಿನ ಕಟ್ಟೆ. ನಮ್ಮದಕ್ಕಿಂತ ಚಂದ ಕಾಣುತ್ತೆ.

ನೀರು ನೋಡಿಕೊಳ್ಳೋದು ಕಷ್ಟವೇನಲ್ಲ, ಆದರೆ ದಿನಾ ಮಾಡಬೇಕು. ಟೆಸ್ಟ್ ಕಿಟ್ ಒಂದು ತಗೊಳ್ಳಿ. ಕ್ಲೋರಿನ್ 1ರಿಂದ 3 ಪಿಪಿಎಂ (ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ), ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 7.2ರಿಂದ 7.8ರ ಒಳಗೆ ಇದ್ದರೆ ನೆಮ್ಮದಿ. ನಮ್ಮ 5500 ಲೀಟರಿಗೆ 2 ಪಿಪಿಎಂ ಅಂದರೆ ಬರೀ 11 ಗ್ರಾಂ ಕ್ಲೋರಿನ್. ಅಂಗಡಿಯಲ್ಲಿ 200 ಗ್ರಾಮಿನ ದೊಡ್ಡ ಬಿಲ್ಲೆ ಕೊಡೋಕೆ ಬರುತ್ತಾರೆ, ಅದು ದೊಡ್ಡ ಪೂಲ್‌ಗೆ. 20 ಗ್ರಾಮಿನ ಸಣ್ಣ ಬಿಲ್ಲೆ ಕೇಳಿ, ತೇಲುವ ಡಬ್ಬಿಯಲ್ಲಿ ಹಾಕಿ ಬಿಡಿ. ಈ ಬಿಲ್ಲೆಗಳು ಟಿಸಿಸಿಎ, ಅಂದರೆ ನಿಧಾನವಾಗಿ ಕರಗಿ ಕ್ಲೋರಿನ್ ಬಿಡುವ ರಾಸಾಯನಿಕ. ಅದರಲ್ಲಿರುವ ಸಯನ್ಯೂರಿಕ್ ಆಸಿಡ್ ಕ್ಲೋರಿನ್ ಬಿಸಿಲಿಗೆ ಹಾರಿಹೋಗದಂತೆ ತಡೆಯುತ್ತೆ, ಅದು ಒಳ್ಳೆಯದೇ. ಆದರೆ ಅದು ನೀರಿನಲ್ಲೇ ಉಳಿದು ತಿಂಗಳಿಂದ ತಿಂಗಳಿಗೆ ಸೇರುತ್ತಾ ಹೋಗುತ್ತೆ, 30ರಿಂದ 50 ಪಿಪಿಎಂ ಇದ್ದರೆ ಸಾಕು, ತೀರಾ ಜಾಸ್ತಿಯಾದರೆ ಕ್ಲೋರಿನ್ ಇದ್ದರೂ ಕೆಲಸ ಮಾಡಲ್ಲ. ಆಗ ಸ್ವಲ್ಪ ನೀರು ತೆಗೆದು ಹೊಸದು ಹಾಕೋದೇ ದಾರಿ. ನಮಗೆ ಮಳೆಗಾಲ ಆ ಕೆಲಸ ಮಾಡಿಕೊಡುತ್ತೆ. ಜೂನ್‌ನಲ್ಲಿ ಒಂದಷ್ಟು ನೀರನ್ನು ಗಿಡಗಳಿಗೆ ಬಿಡುತ್ತೇವೆ, ಅದಕ್ಕೂ ಮೊದಲು ಬಿಲ್ಲೆ ತೆಗೆದು, ಟೆಸ್ಟ್‌ನಲ್ಲಿ ಕ್ಲೋರಿನ್ ಸೊನ್ನೆ ಬರುವ ತನಕ ಕಾಯುತ್ತೇವೆ. ಆಮೇಲೆ ತಾರಸಿಯ ಮಳೆನೀರು ಸೋಸಿ ತುಂಬುತ್ತೇವೆ. ಮಳೆನೀರು ಮೆದು, ಕಲೆ ಕಟ್ಟಲ್ಲ.

ಬೋರ್‌ವೆಲ್ ನೀರು ತುಂಬುವವರು ಗಡಸುತನ ಮೊದಲೇ ಪರೀಕ್ಷೆ ಮಾಡಿಸಿ. ನಮ್ಮ ಕಡೆ ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುತ್ತಲ್ಲ, ಅದೇ ಸುಣ್ಣ ಪೂಲಿನ ಅಂಚಿಗೂ, ಫಿಲ್ಟರಿಗೂ ಕಟ್ಟುತ್ತೆ. ಅಂಥ ನೀರಿಗೆ ಕ್ಯಾಲ್ಶಿಯಂ ಹೈಪೋಕ್ಲೋರೈಟ್, ಬ್ಲೀಚಿಂಗ್ ಪೌಡರ್ ಹಾಕಿದರೆ ಇನ್ನಷ್ಟು ಸುಣ್ಣ ಸೇರುತ್ತೆ, ಪಿಎಚ್ ಕೂಡ ಏರುತ್ತೆ. ಇನ್ನೊಂದು ಮುಖ್ಯ ವಿಷಯ: ಟಿಸಿಸಿಎ ಬಿಲ್ಲೆಯನ್ನೂ ಬ್ಲೀಚಿಂಗ್ ಪೌಡರನ್ನೂ ಯಾವತ್ತೂ ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ, ಒಂದೇ ಚಮಚವನ್ನೂ ಬಳಸಬೇಡಿ. ಎರಡೂ ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಮನೆಯವರಿಗೆಲ್ಲ ಇದನ್ನು ಹೇಳಿಡಿ.

ಪೂಲ್ ಬಿಟ್ಟು ಊರಿಗೆ ಹೋದರೆ ಪಂಪು ನಿಲ್ಲಿಸಿ ಹೋಗಬೇಡಿ, ಟೈಮರ್ ಹಾಕಿ. ಕ್ಲೋರಿನ್ ಇಲ್ಲದೆ ನಿಂತ ನೀರಿನಲ್ಲಿ ವಾರದೊಳಗೆ ಸೊಳ್ಳೆ ಮರಿ ಹುಟ್ಟುತ್ತೆ, ಡೆಂಗಿ ಹರಡೋ ಸೊಳ್ಳೆಗೆ ಇಂಥ ತಿಳಿನೀರೇ ಬೇಕು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ಅಂತ ಘೋಷಿಸಿ, ಸೊಳ್ಳೆ ಬೆಳೆಯೋಕೆ ಬಿಟ್ಟ ಮನೆಯವರಿಗೂ ದಂಡ ಹಾಕುವ ನಿಯಮ ತಂದಿತು. ದಂಡಕ್ಕಿಂತ, ಅಕ್ಕಪಕ್ಕದ ಮನೆ ಮಕ್ಕಳಿಗೆ ನಮ್ಮಿಂದ ಜ್ವರ ಬರಬಾರದು ಅಲ್ವಾ?

ಕರೆಂಟು. ಅರ್ಧ ಎಚ್‌ಪಿ ಪಂಪು ದಿನಕ್ಕೆ ನಾಲ್ಕು ಗಂಟೆ ಓಡಿದರೆ ಎರಡು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, ತಿಂಗಳಿಗೆ 65 ಯೂನಿಟ್ ಹತ್ತಿರ. ಗೃಹಜ್ಯೋತಿಯಲ್ಲಿ ಇರುವವರು ಇದನ್ನು ಲೆಕ್ಕ ಹಾಕಿಕೊಳ್ಳಿ, ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಪಂಪಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಬೇರೆಯಾಗಿಯೇ ಹಾಕಿಸಿ, ಅರ್ತಿಂಗ್ ಪರೀಕ್ಷೆ ಮಾಡಿಸಿ. ನೀರೊಳಗಿನ ದೀಪ ಬೇಕಾದರೆ 12 ವೋಲ್ಟಿನದ್ದೇ ಇರಲಿ. ಕಂಪನಿಯವರು ತೋರಿಸುವ ಜೆಟ್, ಬಣ್ಣದ ದೀಪ, ಜಲಪಾತ ಇವೆಲ್ಲ ಬಿಟ್ಟರೂ ನಡೆಯುತ್ತೆ, ಆರ್‌ಸಿಸಿಬಿ ಬಿಡೋ ಹಾಗಿಲ್ಲ.

ಮಕ್ಕಳ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪಲ್ಲ. ಸಣ್ಣ ಮಗು ಮುಳುಗೋಕೆ ಗೇಣು ನೀರು ಸಾಕು, ಶಬ್ದವೂ ಬರಲ್ಲ. ಹಿತ್ತಲ ಬಾಗಿಲಿಗೆ ಎತ್ತರದಲ್ಲಿ ಚಿಲಕ, ಪೂಲ್ ಸುತ್ತ ನಾಲ್ಕಡಿಯ ಜಾಲರಿ, ತಾನಾಗಿ ಮುಚ್ಚಿಕೊಳ್ಳುವ ಗೇಟು, ಮೂರೂ ಹಾಕಿಸಿದ್ದೇವೆ. ಜಗಲಿ ಎರಡಡಿ ಎತ್ತರ ಇದೆ ಅಂತ ಜಾಲರಿ ಬೇಡ ಅಂದುಕೊಳ್ಳಬೇಡಿ, ಮಕ್ಕಳು ಅದನ್ನು ಹತ್ತುತ್ತಾರೆ. ಬಿಸಿಲಿಗೆ ತೇಲಿಬಿಡುವ ಗುಳ್ಳೆ ಗುಳ್ಳೆಯ ನೀಲಿ ಹಾಳೆ ಬರುತ್ತಲ್ಲ, ಅದು ನೀರು ಉಳಿಸೋಕೆ ಮಾತ್ರ. ಮಗು ಅದರ ಮೇಲೆ ಬಿದ್ದರೆ ಹಾಳೆಯ ಸಮೇತ ಒಳಗೆ ಹೋಗುತ್ತೆ, ಮೇಲಿನಿಂದ ಕಾಣೋದೂ ಇಲ್ಲ. ಸುತ್ತ ಬಿಗಿಯಾಗಿ ಕೊಕ್ಕೆ ಹಾಕುವ, ಭಾರ ತಡೆಯುವ ಕವರ್ ಬೇರೆಯೇ ಸಿಗುತ್ತೆ, ದುಬಾರಿ, ಆದರೂ ತಗೊಳ್ಳಿ. ತಳದಲ್ಲಿ ನೀರು ಎಳೆಯುವ ತೂತು ಒಂದೇ ಇದ್ದರೆ ಕೂದಲೋ ಕೈಯೋ ಸಿಕ್ಕಿಹಾಕಿಕೊಳ್ಳುವ ಅಪಾಯ ಇದೆ. ದೂರ ದೂರದಲ್ಲಿ ಎರಡು ಇರಲಿ, ಎರಡಕ್ಕೂ ಉಬ್ಬಿದ ಜಾಲರಿ ಮುಚ್ಚಳ ಇರಲಿ. ನಮ್ಮ ಕಂಪನಿಯವರು ಒಂದು ಸಾಕು ಅಂದಿದ್ದರು. ಕೇಳಿ ಎರಡು ಹಾಕಿಸಿದೆವು.

ಜಾಗ ಆರಿಸುವಾಗ ಮೇಲೂ ನೋಡಿ. ನಮ್ಮ ಹಿತ್ತಲಲ್ಲಿ ನುಗ್ಗೆ ಮರ ಇದೆ. ನುಗ್ಗೆ ಎಲೆ ಎಷ್ಟು ಸಣ್ಣದು ಅಂದರೆ ಬಲೆಯಲ್ಲಿ ಸಿಗಲ್ಲ, ಹೂ ಉದುರುವ ಕಾಲದಲ್ಲಂತೂ ಫಿಲ್ಟರ್ ಎರಡು ದಿನಕ್ಕೇ ಕಟ್ಟಿಕೊಳ್ಳುತ್ತೆ. ಮರ ಕಡಿಯುವ ಮನಸ್ಸಿಲ್ಲ, ನುಗ್ಗೆಕಾಯಿ ಹುಳಿ ಬೇಕಲ್ಲ. ಆ ಕಡೆಯ ಕೊಂಬೆಗಳನ್ನು ಸವರಿಸಿ ಶೇಡ್ ನೆಟ್ ಕಟ್ಟಿದ್ದೇವೆ. ತೆಂಗಿನ ಮರದ ಕೆಳಗಂತೂ ಹಾಕಲೇಬೇಡಿ.

ಚಳಿಗಾಲದಲ್ಲಿ ನೀರು ಬಿಸಿ ಮಾಡುವ ಹೀಟ್ ಪಂಪಿನ ಕೋಟೇಶನ್ ಕೂಡ ಬಂದಿತ್ತು. ಬೇಡ ಅಂದೆವು. ಮೈಸೂರಿನಲ್ಲಿ ಡಿಸೆಂಬರ್, ಜನವರಿ ಎರಡು ತಿಂಗಳು ನೀರಿಗಿಳಿಯದಿದ್ದರೆ ಏನೂ ಹೋಗಲ್ಲ. ಕವರ್ ಬಿಗಿದು, ಪಂಪನ್ನು ದಿನಕ್ಕೆ ಒಂದೆರಡು ಗಂಟೆಗೆ ಇಳಿಸಿ, ಕ್ಲೋರಿನ್ ಮಾತ್ರ ನೋಡಿಕೊಳ್ಳುತ್ತೇವೆ. ಫೆಬ್ರವರಿ ಕೊನೆಗೆ ಕಾರ್ಟ್ರಿಡ್ಜ್ ಬದಲಾಯಿಸಿ ಅದೇ ನೀರಿನಲ್ಲಿ ಮತ್ತೆ ಶುರು ಮಾಡುತ್ತೇವೆ.